ನನ್ನ ನಂಬರಿನಿಂದ ತಂಗಿಗೆ ಹೋದ ಮೆಸೇಜು

ಪುಣೆಯ ಶಿವಾಜಿನಗರದಲ್ಲಿ ಬಸ್ ಹತ್ತುವಾಗ ಫೋನ್ ಇತ್ತು. ಖಡಕಿಯಲ್ಲಿ ಇಳಿದು ಬ್ಯಾಗಿಗೆ ಕೈ ಹಾಕಿದರೆ ಇಲ್ಲ. ಜಿಪ್ಪು ಅರ್ಧ ತೆರೆದುಕೊಂಡಿತ್ತು. ಟಿಫಿನ್ ಡಬ್ಬಿ, ಕೊಡೆ, ಬಾಚಣಿಗೆ ಎಲ್ಲ ಇದ್ದವು. ಫೋನು ಮತ್ತು ಎಟಿಎಂ ಕಾರ್ಡ್ ಇಟ್ಟಿದ್ದ ಸಣ್ಣ ಪರ್ಸು ಮಾತ್ರ ಹೋಗಿದ್ದವು.

ಎರಡು ಸಾವಿರದ ದಶಕ ಅರ್ಧ ಕಳೆದಿದ್ದ ಕಾಲ ಅದು. ನಾನು ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಮರಾಠಿ ಹೆಂಗಸೊಬ್ಬರು ಖಡಕಿಯ ಕ್ವಾರ್ಟರ್ಸಿನಲ್ಲೇ ಇದ್ದರು. ದಿನಾ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದೆವು. ನಾನವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವರು ತಮ್ಮ ಫೋನಿನಿಂದ ನನ್ನ ನಂಬರಿಗೆ ಹಚ್ಚಿದರು. ಎರಡು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ. ಮೂರನೇ ಸಲಕ್ಕೆ ಸ್ವಿಚ್ ಆಫ್.

‘ಕಾರ್ಡಿನ ಪಿನ್ ಎಲ್ಲಾದರೂ ಬರೆದಿಟ್ಟಿದ್ದೀಯಾ?’ ಎಂದು ಮರಾಠಿಯಲ್ಲಿ ಕೇಳಿದರು.

ಮರೆಯಬಾರದೆಂದು ನಾನು ಅದನ್ನು ಫೋನಿನಲ್ಲೇ ಸೇವ್ ಮಾಡಿದ್ದೆ. ಹೆಸರು ಕೂಡ ‘ಎಟಿಎಂ’ ಎಂದೇ. ಕಾರ್ಡು ಮತ್ತು ಪಿನ್ ಎರಡನ್ನೂ ಒಟ್ಟಿಗೆ ಕಳ್ಳನ ಕೈಗೆ ಕೊಟ್ಟಂತಾಗಿತ್ತು. ಕಾಕೂ ಬೈಯಲಿಲ್ಲ. ಅವರ ಮನೆಗೆ ಓಡಿದೆವು. ಅವರ ಖಾತೆಯೂ ಅದೇ ಬ್ಯಾಂಕಿನಲ್ಲಿತ್ತು. ತಮ್ಮ ಪಾಸ್‌ಬುಕ್ಕಿನ ಹಿಂದೆ ಅಚ್ಚಾಗಿದ್ದ ಸಹಾಯವಾಣಿಗೆ ಅವರೇ ಫೋನ್ ಹಚ್ಚಿ, ಹುಟ್ಟಿದ ದಿನ, ಅವ್ವನ ಹೆಸರು ಎಲ್ಲ ನನ್ನಿಂದ ಹೇಳಿಸಿ, ಅರ್ಧ ಗಂಟೆಯಲ್ಲಿ ಕಾರ್ಡ್ ಬಂದ್ ಮಾಡಿಸಿದರು. ಒಂದು ರೂಪಾಯಿಯೂ ಹೋಗಿರಲಿಲ್ಲ. ಗೆದ್ದೆವು ಎಂದುಕೊಂಡು ಚಹಾ ಕುಡಿದೆ.

ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಇದನ್ನು ಇಂದಿಗೂ ನಾಚಿಕೆಯಿಂದಲೇ ಹೇಳುತ್ತೇನೆ.

ಯಜಮಾನರು ರಾಂಜಣಗಾಂವದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದರು. ಸುದ್ದಿ ಕೇಳಿ, ‘ಸಿಮ್ ಬಂದ್ ಮಾಡಿಸಿದಿ ಇಲ್ಲ?’ ಅಂದರು. ಮಾಡಿಸಿರಲಿಲ್ಲ. ಸಿಮ್ಮಿನಲ್ಲಿ ಇನ್ನೇನು, ಮೂವತ್ತು ರೂಪಾಯಿ ಬ್ಯಾಲೆನ್ಸ್ ಇದ್ದೀತು ಎಂಬುದು ನನ್ನ ಲೆಕ್ಕ. ಕಚೇರಿಗೆ ರಜೆ ಹಾಕಿ ಪೊಲೀಸ್ ಚೌಕಿಗೆ ಹೋದೆ. ಕಳುವು ಎಂದು ಬರೆಯಬೇಡಿ, ಹರವಲಾ, ಅಂದರೆ ಕಳೆದುಹೋಯಿತು ಎಂದು ಬರೆಯಿರಿ ಎಂದ ಹವಾಲ್ದಾರ. ಹಾಗೇ ಬರೆದೆ. ಆ ಚೀಟಿ ಹಿಡಿದು ಸಿಮ್ ಅಂಗಡಿಗೆ ಹೋದರೆ, ‘ಸಂಜೆಯೊಳಗೆ ಬಂದ್ ಆಗುತ್ತದೆ’ ಎಂದರು. ಅಲ್ಲಿಂದ ಹೊರಬಂದು, ಅವ್ವ ಸುಮ್ಮನೆ ಫೋನ್ ಹಚ್ಚಿ ಗಾಬರಿಯಾದಾಳೆಂದು ಪಕ್ಕದ ಎಸ್‌ಟಿಡಿ ಬೂತಿನಿಂದ ಹುಮನಾಬಾದ್ ಹತ್ತಿರದ ನಮ್ಮೂರಿಗೆ ಹಚ್ಚಿದೆ. ಆಗ ಹೊತ್ತು ಹನ್ನೆರಡಾಗಿತ್ತು.

‘ಫೋನ್ ಸಿಕ್ಕಿತೇನವ್ವಾ?’ ಅವ್ವನೇ ಮೊದಲು ಕೇಳಿದಳು.

‘ನಿನಗ ಹ್ಯಾಂಗ ಗೊತ್ತಾತು?’

‘ನಿನ್ನಿ ರಾತ್ರಿ ಒಬ್ಬಾಂವ ನಿನ್ನ ಫೋನಿನಿಂದನ ಮಾತಾಡಿದ. ಹಿಂದಿಯೊಳಗ. ಭಾಳ ಛಲೋ ಮನಷ್ಯಾ. ಫೋನ್ ಸಿಕ್ಕದ, ಮುಟ್ಟಸ್ತೀನಿ, ಮನಿ ಎಲ್ಲಿ ಅಂದ. ಹೇಳೀನಿ. ನೀವಿಬ್ರೂ ಎಷ್ಟೊತ್ತಿಗೆ ಮನ್ಯಾಗಿರ್ತೀರಿ ಅಂದ. ಅದನ್ನೂ ಹೇಳೀನಿ.’

ಅವ್ವನ ಮಾತು ಮುಗಿದಿರಲಿಲ್ಲ.

‘ಅಳಿಯಾನೂ ಫೋನ್ ಮಾಡಿದ್ದ. ನಕ್ಕೋತ ಮಾತಾಡಿದ. ನಿಮ್ಮ ಮಗಳು ಎಲ್ಲಿದ್ದಾಳ ಗೊತ್ತಾತು, ಮುಂಜಾನಿ ಏಳರ ಬಸ್ಸಿಗೆ ಪುಣೇಕ ಹೊಂಟೀನಿ ಅಂದ. ಖರೇ ಏನವ್ವಾ?’

ಅಳಿಯ ಎಂದರೆ ನನ್ನ ತಂಗಿಯ ಗಂಡ. ಮದುವೆಯಾದ ಎರಡು ವರ್ಷ ಅವನ ಕೈಯಲ್ಲಿ ಹೊಡೆತ ತಿಂದು, ಎಡ ಮಣಿಕಟ್ಟು ಮುರಿದ ಮೇಲೆ ತಂಗಿ ನನ್ನ ಬಳಿ ಓಡಿಬಂದಿದ್ದಳು. ನನ್ನ ಮನೆಗೇ ಮೊದಲು ಹುಡುಕಿಕೊಂಡು ಬರುತ್ತಾನೆಂದು ಅವಳನ್ನು ಖರಾಡಿಯ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಇಟ್ಟಿದ್ದೆವು. ಅಲ್ಲಿನ ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ಬಿಲ್ ಬರೆಯುವ ಕೆಲಸ. ಅವಳ ಜಾಗ ಗೊತ್ತಿದ್ದದ್ದು ನನಗೆ, ಯಜಮಾನರಿಗೆ. ಅವ್ವನಿಗೂ ಜಾಗವಾಗಲಿ ಅವಳ ನಂಬರಾಗಲಿ ಕೊಟ್ಟಿರಲಿಲ್ಲ.

ಅವಳಿಗೆ ಫೋನ್ ಹಚ್ಚಬೇಕೆಂದು ಮತ್ತೆ ರಿಸೀವರ್ ಎತ್ತಿದೆ. ಬೆರಳು ಗುಂಡಿಯ ಮೇಲೆ ನಿಂತಿತು. ತಂಗಿಯ ನಂಬರ್ ನನಗೆ ಗೊತ್ತಿರಲಿಲ್ಲ. ದಿನಾ ಮಾತಾಡುತ್ತಿದ್ದೆ, ಒಂದು ದಿನವೂ ಅದನ್ನು ಅಂಕಿಗಳಾಗಿ ನೋಡಿರಲಿಲ್ಲ. ಹೆಸರು ಒತ್ತಿದರೆ ಅವಳ ದನಿ ಬರುತ್ತಿತ್ತು, ಅಷ್ಟೇ. ಮನೆಗೆ ಹಚ್ಚಿ ಕೇಳೋಣವೆಂದರೆ ಯಜಮಾನರ ಫೋನಿನಲ್ಲೂ ಅದು ಇರಲಿಲ್ಲ. ಎರಡು ಕಡೆ ಇಡುವುದು ಬೇಡವೆಂದು ನಾನೇ ಹೇಳಿದ್ದೆ.

ಆಟೋ ಹಿಡಿದೆ. ಏಳರ ಬಸ್ಸು ಪುಣೆಗೆ ಎಷ್ಟು ಗಂಟೆಗೆ ಬರುತ್ತದೆಂದು ದಾರಿಯುದ್ದಕ್ಕೂ ಎಣಿಸುತ್ತಿದ್ದೆ. ನಾಲ್ಕು. ಬೇಗ ಬಂದರೆ ಮೂರೂವರೆ. ಐಟಿ ಪಾರ್ಕಿನ ಗೇಟಿನಲ್ಲಿ ಪಾಸಿಲ್ಲದೆ ಒಳಗೆ ಬಿಡುವುದಿಲ್ಲವೆಂದರು. ಕ್ಯಾಂಟೀನಿಗೆ ಫೋನ್ ಹಚ್ಚಿಸಲು ಸೆಕ್ಯುರಿಟಿಯವನನ್ನು ಕೈಮುಗಿದು ಬೇಡಿಕೊಂಡೆ. ಹತ್ತು ನಿಮಿಷಕ್ಕೆ ತಂಗಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

‘ಯಾಕಕ್ಕಾ ಇಷ್ಟ ಲಗೂನ ಬಂದಿ? ಪಾರ್ಸಲ್ ಬಂತೇನು?’ ಎಂದು ಕೇಳಿದಳು.

‘ಯಾವ ಪಾರ್ಸಲ್?’

ಅವಳು ತನ್ನ ಫೋನ್ ತೆಗೆದು ತೋರಿಸಿದಳು. ಹಿಂದಿನ ರಾತ್ರಿ ನನ್ನ ನಂಬರಿನಿಂದ ಬಂದ ಮೆಸೇಜು. ಇಂಗ್ಲಿಷ್ ಅಕ್ಷರ, ಮಾತು ನಮ್ಮ ಮನೆಯದು: ‘ತಂಗಿ, ಪೂರಾ ಅಡ್ರೆಸ್ ಕಳಸು. ರೂಮ್ ನಂಬರ್ ಸುದ್ದಾ. ಅವ್ವ ಪಾರ್ಸಲ್ ಕಳಸ್ತಾಳ.’ ಅದರ ಕೆಳಗೆ ಅವಳ ಉತ್ತರ. ಹಾಸ್ಟೆಲಿನ ಹೆಸರು, ಓಣಿ, ಹತ್ತಿರದ ದವಾಖಾನೆ, ಎರಡನೇ ಮಹಡಿ, ರೂಮ್ ನಂಬರು. ಒಂದನ್ನೂ ಬಿಟ್ಟಿರಲಿಲ್ಲ.

‘ಇದು ನಾ ಕಳಿಸಿದ್ದಲ್ಲ,’ ಎಂದೆ. ‘ನನ್ನ ಫೋನ್ ಕಳುವಾಗ್ಯಾದ. ಅಂವ ಬಸ್ಸಿನ್ಯಾಗ ಬರಾಕತ್ಯಾನ.’

ಅವಳು ಬಲಗೈಯಿಂದ ಎಡ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ‘ನೀ ನನಗ ತಂಗಿ ಅಂತ ಎಂದೂ ಕರದಿಲ್ಲ,’ ಅಂದಳು. ‘ಸಣ್ಣಾಕಿ ಅಂತಿ. ಓದಿದಾಗ ಒಂದೀಟು ಅನಿಸಿತ್ತಕ್ಕಾ. ಆದ್ರ ನಿನ್ನ ನಂಬರ್ ಇತ್ತಲ್ಲ.’

ಹಾಸ್ಟೆಲಿಗೆ ಹೋಗಿ ಕಾಲು ಗಂಟೆಯಲ್ಲಿ ಗಂಟು ಕಟ್ಟಿದೆವು. ಬಟ್ಟೆಗಳನ್ನು ಮಡಿಸದೆ ಚಾದರದಲ್ಲಿ ಸುತ್ತಿದೆವು. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ, ಎಲ್ಲರೂ ‘ಬಾಯಿ’ ಎಂದು ಕರೆಯುತ್ತಿದ್ದ ಹೆಂಗಸಿಗೆ ವಿಷಯ ಹೇಳಿದೆ. ಆಕೆ ಎಲ್ಲ ಕೇಳಿ, ‘ನೀವು ಹೋಗಿ. ಗೇಟು ನನಗೆ ಬಿಡಿ,’ ಎಂದರು. ನನ್ನ ಮನೆಯ ವಿಳಾಸವನ್ನೂ ಅವ್ವ ಹೇಳಿಬಿಟ್ಟಿದ್ದಳು, ಅಲ್ಲಿಗೂ ಹೋಗುವಂತಿರಲಿಲ್ಲ. ಖಡಕಿಯ ಕಾಕೂ ಮನೆಗೆ ಕರೆದೊಯ್ದೆ. ಕಾಕೂ ಒಳಗಿನ ಕೋಣೆಯಲ್ಲಿ ಹಾಸಿಗೆ ಹಾಸಿದರು.

ಅವನು ಐದು ಗಂಟೆಗೆ ಹಾಸ್ಟೆಲಿಗೆ ಬಂದನಂತೆ. ಕೈಯಲ್ಲಿ ಸ್ವೀಟಿನ ಡಬ್ಬಿ. ಎರಡನೇ ಮಹಡಿ, ಇಂಥ ರೂಮು, ನನ್ನ ಹೆಂಡತಿಯೇ ಕರೆಸಿದ್ದಾಳೆ ಎಂದು ನಗುತ್ತ ಹೇಳಿದನಂತೆ. ಬಾಯಿ ಗೇಟಿಗೆ ಸರಪಳಿ ಹಾಕಿ, ಆ ರೂಮು ಖಾಲಿ ಇದೆ ಎಂದರು. ಆಮೇಲೆ ಅವನು ಗೇಟನ್ನು ಒದೆಯತೊಡಗಿದ. ಓಣಿಯವರು ಸೇರಿದರು, ಪೊಲೀಸರು ಬಂದರು. ಡಬ್ಬಿ ರಸ್ತೆಯಲ್ಲೇ ಬಿದ್ದಿತ್ತೆಂದು ಬಾಯಿ ಮರುದಿನ ಹೇಳಿದರು.

ಪೊಲೀಸ್ ಠಾಣೆಯಲ್ಲಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದ ದಿನ ಅವನೇ ಎಲ್ಲ ಒಪ್ಪಿಕೊಂಡ. ಒಪ್ಪಿಕೊಂಡ ಎನ್ನುವುದಕ್ಕಿಂತ ಹೆಮ್ಮೆಯಿಂದ ಹೇಳಿದ. ಕಳ್ಳ ನನ್ನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಹಚ್ಚುತ್ತ, ಫೋನ್ ಬೇಕಿದ್ದರೆ ರೀಚಾರ್ಜ್ ಮಾಡಿಸಿ ಎಂದು ಕೇಳುತ್ತಿದ್ದನಂತೆ. ಹಾಗೆ, ಅವ್ವ ಕರೆಯುವಂತೆಯೇ ನಾನು ‘ಅಳಿಯ’ ಎಂದು ಸೇವ್ ಮಾಡಿದ್ದ ಇವನ ನಂಬರಿಗೂ ಹಚ್ಚಿದ. ಇವನು ರೀಚಾರ್ಜ್ ಮಾಡಿಸಿದ, ಬದಲಿಗೆ ತಂಗಿಯ ಹೆಸರಿಗೆ ಒಂದು ಮೆಸೇಜು ಕಳಿಸುವಂತೆ ಹೇಳಿ, ಒಂದೊಂದೇ ಅಕ್ಷರ ಬರೆಸಿದ, ಬಂದ ಉತ್ತರವನ್ನೂ ಓದಿಸಿಕೊಂಡ. ಕನ್ನಡದ ಗಂಧವಿಲ್ಲದ ಯಾರೋ ಒಬ್ಬ, ತಾನೇನು ಬರೆಯುತ್ತಿದ್ದೇನೆಂದು ತಿಳಿಯದೆ ನನ್ನ ಮಾತನ್ನು ಬರೆದಿದ್ದ. ಅಳಿಯನ ನಂಬರನ್ನು ನಾನು ಯಾಕೆ ಅಳಿಸಿರಲಿಲ್ಲ? ನೆನಪೇ ಆಗಿರಲಿಲ್ಲ, ಅಷ್ಟೇ. ಫೋನಿಗೆ ಲಾಕ್ ಯಾಕೆ ಹಾಕಿರಲಿಲ್ಲ? ಪದೇ ಪದೇ ಅಂಕಿ ಒತ್ತುವುದು ಬೇಸರವೆಂದು.

ಮುಂದಿನ ಒಂದು ವಾರ ಕಾಕೂ ನನ್ನನ್ನು ಎದುರಿಗೆ ಕೂರಿಸಿಕೊಂಡು ಫೋನಿನಲ್ಲಿ ಯಾರ್‍ಯಾರಿದ್ದರು, ಏನೇನಿತ್ತು ಎಂದು ನೆನಪಿಸಿ ಬರೆಸಿದರು. ಹೆಸರುಗಳು ಸಿಕ್ಕವು, ನಂಬರುಗಳು ಸಿಗಲಿಲ್ಲ. ಒಬ್ಬರಿಂದ ಒಬ್ಬರನ್ನು ಹಿಡಿದು ಬೂತಿನಿಂದ ಎಲ್ಲರಿಗೂ ಹೇಳಿದೆ: ಹಳೆಯ ನಂಬರಿನಿಂದ ಏನು ಬಂದಿದ್ದರೂ ನಂಬಬೇಡಿ, ಅದು ನಾನಲ್ಲ. ಇ-ಮೇಲಿನ ಪಾಸ್‌ವರ್ಡ್ ಕೂಡ ಒಂದು ಮೆಸೇಜಿನಲ್ಲಿತ್ತು. ಸೈಬರ್ ಕೆಫೆಗೆ ಹೋಗಿ ಬದಲಿಸಿದೆ. ಬಾಗಿಲ ಬೀಗವನ್ನೂ ಬದಲಿಸಿದೆವು. ಅವ್ವನಿಗೆ ಮಾತ್ರ ಅಳಿಯ ಪುಣೆಗೆ ಬಂದು ಏನು ಮಾಡಿದನೆಂದು ಪೂರ್ತಿ ಹೇಳಲಿಲ್ಲ. ಹೇಳಿದ್ದರೆ, ಆ ಕಳ್ಳನನ್ನು ‘ಛಲೋ ಮನಷ್ಯಾ’ ಎಂದದ್ದು ಅವಳನ್ನು ಜೀವನವಿಡೀ ಸುಡುತ್ತಿತ್ತು.

ಎರಡು ವಾರದ ನಂತರ ತಂಗಿ ಬೇರೆ ಕೆಲಸ, ಬೇರೆ ರೂಮು ಹುಡುಕಿಕೊಂಡಳು. ಎಲ್ಲಿ ಎಂದು ಕೇಳಿದೆ.

‘ಹೇಳೂದಿಲ್ಲಕ್ಕಾ,’ ಅಂದಳು. ‘ಸಿಟ್ಟಿಲ್ಲ. ನಿನಗ ಗೊತ್ತಿಲ್ಲಂದ್ರ ನಿನ್ನಿಂದ ಯಾರಿಗೂ ತಗೊಳ್ಳಾಕ ಆಗೂದಿಲ್ಲ.’

ಕಪಾಳಕ್ಕೆ ಹೊಡೆದಂತಾಯಿತು. ಅವಳನ್ನು ಎತ್ತಿ ಆಡಿಸಿದವಳು ನಾನು. ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಒಂದೂವರೆ ವರ್ಷ ಅವಳು ಬೇರೆ ಬೇರೆ ಬೂತುಗಳಿಂದ ಕಾಕೂ ಮನೆಗೆ ಫೋನ್ ಮಾಡುತ್ತಿದ್ದಳು. ನಾನು ಭಾನುವಾರ ಅಲ್ಲಿ ಹೋಗಿ ಕಾಯುತ್ತಿದ್ದೆ. ವಿಚ್ಛೇದನದ ಆದೇಶ ಕೈಗೆ ಬಂದ ವಾರ, ಹಡಪಸರದ ಒಂದು ಬಸ್ ಸ್ಟಾಪಿನ ಹೆಸರು ಹೇಳಿ, ‘ಅಲ್ಲೇ ನಿಂದರು, ನಾನ ಬಂದು ಕರಕೊಂಡು ಹೋಗ್ತೀನಿ’ ಎಂದಳು. ಅವಳ ಹಿಂದೆ ಎರಡು ಓಣಿ ದಾಟಿ, ಮೂರು ಕಡೆ ತಿರುಗಿ ನಡೆದೆ. ಗೋಡೆಯ ಮೇಲಿದ್ದ ಮನೆ ನಂಬರನ್ನು ಓದದೆ, ತಲೆ ತಗ್ಗಿಸಿ ಒಳಗೆ ಹೋದೆ. ಅವಳು ಚಪಾತಿ, ಬದನೆಕಾಯಿ ಪಲ್ಯ ಮಾಡಿಟ್ಟಿದ್ದಳು.