ಬಡಿದು ಕೇಳುವ ನಾಸಿರ

ಬೈಲಹೊಂಗಲದ ನೇಸರಗಿ ರಸ್ತೆಯಲ್ಲಿ ಬೆಳಗಿನ ಮೊದಲ ಬಸ್ಸು ಇನ್ನೂ ಹೋಗಿಲ್ಲ. ತಗಡಿನ ಗ್ಯಾರೇಜಿನ ಮುಂದೆ ಗೋಣಿಚೀಲ ಹಾಸಿಕೊಂಡು ನಾಸಿರ ಕೂತಿದ್ದಾನೆ. ಎದುರಿಗೆ ಮುಂದಿನ ಚಕ್ರವಿಲ್ಲದ ಮೋಟರ್ ಸೈಕಲ್ಲೊಂದು ಇಟ್ಟಿಗೆಗಳ ಮೇಲೆ ನಿಂತಿದೆ. ಮಗ್ಗುಲಲ್ಲಿ ಬೇರೊಂದು ಗಾಡಿಯಿಂದ ಬಿಚ್ಚಿ ತಂದ ಉದ್ದನೆಯ ಫೋರ್ಕು. ಚಕ್ರ ಹಿಡಿಯುವ ಆ ಎರಡು ಕಾಲುಗಳ ನೆತ್ತಿಗೆ ಗೇಣುದ್ದದ ಉಕ್ಕಿನ ದಂಡವಿರುತ್ತದೆ. ಗಾಡಿಯ ಕೊರಳಲ್ಲಿ ತೂರಿ, ಹ್ಯಾಂಡಲ್ಲಿಗೂ ಚಕ್ರಕ್ಕೂ ನಂಟು ಹಾಕುವುದು ಅದೇ. ನಾಸಿರ ಇನ್ನೂ ಕೂಡಿಸದ ಹೊಸ ದಂಡವನ್ನು ದಾರಕ್ಕೆ ಕಟ್ಟಿ ತೂಗುಬಿಡುತ್ತಾನೆ, ಸಣ್ಣ ಸುತ್ತಿಗೆಯಿಂದ ಬಡಿಯುತ್ತಾನೆ, ಕಿವಿಗೊಟ್ಟು ಕೇಳುತ್ತಾನೆ. ಮತ್ತೆ ಬಡಿಯುತ್ತಾನೆ. ಹೀಗೆ ಏಳು ಸಲ.

“ಅಖಂಡ ಇದ್ರ ಗುಡಿ ಗಂಟಿ ಬಾರಿಸಿದಂಗ ದನಿ ಬರತೈತ್ರಿ,” ಅನ್ನುತ್ತಾನೆ. “ಒಳಗ ಬಿರುಕ ಇದ್ರ, ವೆಲ್ಡಿಂಗ್ ಇದ್ರ, ಒಡದ ಗಡಿಗಿ ಬಡದಂಗ ಅಕ್ಕೈತಿ.”

ಸುಗ್ಗಿ ಮುಗಿದರೆ ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯ ಕಲ್ಲುಮಡ್ಡಿ ದಿಬ್ಬಗಳಲ್ಲಿ ಮೋಟರ್ ಸೈಕಲ್ಲಿನ ಮಣ್ಣಿನ ರೇಸು ಶುರುವಾಗುತ್ತವೆ. ಓಡುವವು ಹಳೆಯ ರಸ್ತೆ ಗಾಡಿಗಳೇ. ಆದರೆ ಆಳೆತ್ತರ ಜಿಗಿದು ಇಳಿಯಬೇಕಾದರೆ ಮಣ್ಣಿನ ಓಟಕ್ಕೆಂದೇ ಮಾಡಿದ ಡರ್ಟ್ ಬೈಕಿನ ಫೋರ್ಕೇ ಬೇಕು. ಪುಣೆ, ಕೊಲ್ಹಾಪುರದ ಗುಜರಿಯಿಂದ ಅಂಥ ಫೋರ್ಕು ಹೊತ್ತು ತರುವ ಹುಡುಗರು ಕೊನೆಗೆ ಬಂದು ನಿಲ್ಲುವುದು ಈ ತಗಡಿನ ಬಾಗಿಲಲ್ಲಿ. ಒಂದು ಮಾಡೆಲ್ಲಿನ ಫೋರ್ಕನ್ನು ಇನ್ನೊಂದಕ್ಕೆ ಕೂಡಿಸುವುದು ಜಾತಕ ಕೂಡಿಸಿದಷ್ಟು ಸಲೀಸಲ್ಲ. ಒಂದರ ದಂಡ ಗಿಡ್ಡ, ಇನ್ನೊಂದರದು ದಪ್ಪ. ಹಳೆಯದನ್ನು ಒತ್ತಿ ತೆಗೆದು, ಒಂದೇ ಉಕ್ಕಿನ ತುಂಡಿನಿಂದ ಲೇಥಿನಲ್ಲಿ ಹೊಸದನ್ನು ಕಡೆಸಿ ಕೂಡಿಸಬೇಕು. ಒಂದು ಫೋರ್ಕಿಗೆ ಮೂರು ದಿನ ಹಿಡಿಯುತ್ತದೆ. ತಿಂಗಳಿಗೆ ನಾಲ್ಕು ಮಾಡಿದರೆ ಹೆಚ್ಚು. ಉಳಿದ ದಿನಗಳಲ್ಲಿ ಹಾಲು ಮಾರುವವರ, ದೊಡವಾಡದ ಮಾಸ್ತರರ ಗಾಡಿಗಳ ರಿಪೇರಿ.

ತಂದೆ ಬುಡನಸಾಬ ಟೆಂಪೋ ಚಾಲಕರಾಗಿದ್ದವರು. ಅವರು ತೀರಿಕೊಂಡಾಗ ನಾಸಿರ ನಾಲ್ಕನೇ ಇಯತ್ತೆಯಲ್ಲಿದ್ದ. ಸಾಲಿಯ ಚೀಲ ಗೂಟಕ್ಕೆ ಹೋಯಿತು, ಕೈಗೆ ನಟ್ಟು ತಿರುಗಿಸುವ ಪಾನಾ ಬಂತು. ಕಲಿತಿದ್ದ ಅಕ್ಷರವೂ ಆಯಿಲ್ಲಿನಲ್ಲಿ ಅಳಿಸಿಹೋಯಿತು. ಈಗ ನಲವತ್ತೊಂದು. ಬಗ್ಗಿ ಬಗ್ಗಿ ಸೊಂಟ ಹೋಗಿದೆ, ಬಲಗೈಯ ಎರಡು ಬೆರಳು ಮಡಚುವುದಿಲ್ಲ.

ಬಾಗಿಲ ಎಡಕ್ಕೆ ನೀರಿನ ಬೋಗುಣಿ ಇಟ್ಟುಕೊಂಡು ಪಂಕ್ಚರ್ ತೆಗೆಯುತ್ತಿರುವವನು ದುರ್ಗಪ್ಪ. ಎಡಗಾಲು ತೊಡೆಯಿಂದ ಕೆಳಗೆ ಇಲ್ಲ. ಒಂದು ಕಾಲಕ್ಕೆ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಅವನನ್ನು ಮೀರಿಸುವ ಸವಾರನಿರಲಿಲ್ಲ. ೧೯೯೮ರಲ್ಲಿ ಚಚಡಿ ಊರ ಹೊರಗಿನ ಮಡ್ಡಿಯ ರೇಸಿನಲ್ಲಿ ಬಿದ್ದ. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಬೀಗರು ಕಾಲಿಲ್ಲ ಎಂದು ಸಂಬಂಧ ಬಿಡಲಿಲ್ಲ, ತನ್ನ ತಪ್ಪಿನಿಂದಲೇ ಬಿದ್ದ ಬುದ್ಧಿ ಇಲ್ಲದವನಿಗೆ ಹೆಣ್ಣು ಕೊಡುವುದಿಲ್ಲ ಎಂದರು. ಆಗ ಅವನನ್ನು ಕರೆತಂದು ಬಾಗಿಲಲ್ಲಿ ಕೂರಿಸಿ ಕಸುಬು ಕೊಟ್ಟವನು ನಾಸಿರ. ಈ ಒಂಬತ್ತು ವರ್ಷ ತಾನು ಉಂಡದ್ದನ್ನು ಅವನಿಗೂ ಉಣಿಸಿದ್ದಾನೆ. ಊರೆಲ್ಲ ಹೊಗಳುತ್ತದೆ. ಆ ಹೊಗಳಿಕೆ ಕೇಳಿಯೇ ಪತ್ರಿಕೆಯವರೂ ಅವನನ್ನು ಹುಡುಕಿಕೊಂಡು ಬಂದಿದ್ದಾರೆ.

“ಕಾಲ ಹೋದ ಮ್ಯಾಲೆ ಮಂದಿ ಎರಡ ತಿಂಗಳ ಬಂದ್ರು, ಆಮ್ಯಾಲೆ ಯಾರೂ ಬರಲಿಲ್ಲ,” ಟ್ಯೂಬು ನೀರಿಗೆ ಒತ್ತುತ್ತ ದುರ್ಗಪ್ಪ ಹೇಳುತ್ತಾನೆ. “ಇಂವ ಬಂದಾ. ತಪ್ಪು ನಂದ ಇತ್ತರಿ. ಜಿಗದ ಇಳಿಯೂಮುಂದ ಮುಂದಿನ ಬ್ರೇಕ ಹಿಡದಿರಬೇಕ ನಾ. ಅದರಾಗ ಇಂವಂದೇನ ಇತ್ತು?”

ನಾಸಿರ ತಲೆ ಎತ್ತುವುದಿಲ್ಲ. ಬೇರಿಂಗಿನ ಗುಂಡುಗಳನ್ನು ತಟ್ಟೆಯಲ್ಲಿ ಎಣಿಸುತ್ತಿದ್ದಾನೆ. ಎಣಿಕೆ ತಪ್ಪುತ್ತದೆ, ಮೊದಲಿನಿಂದ ಎಣಿಸುತ್ತಾನೆ.

ಅಷ್ಟರಲ್ಲಿ ದುರ್ಗಪ್ಪನ ತಾಯಿ ಸಾವಂತ್ರೆವ್ವ ರೊಟ್ಟಿಯ ಗಂಟು ತಂದಿಡುತ್ತಾಳೆ. ಅದರಲ್ಲಿ ಯಾವಾಗಲೂ ಎರಡು ರೊಟ್ಟಿ ನಾಸಿರನಿಗೆಂದೇ ಹೆಚ್ಚು. “ಸೊಕ್ಕಿಗೆ ಕಾಲ ಕೊಟ್ಟ ಮಗಾ ಇಂವ,” ಎಂದು ಮಗನ ಕಡೆ ಕೈ ಮಾಡುತ್ತಾಳೆ. “ಆ ನಾಸಿರ ಇರದಿದ್ರ ಬಸ್‌ಸ್ಟ್ಯಾಂಡಿನ್ಯಾಗ ಕೈ ಚಾಚತಿದ್ದ.” ಮಗ ನಗುತ್ತಾನೆ. ಒಂಬತ್ತು ವರ್ಷ ಅದೇ ಮಾತು ಕೇಳಿ ಕೇಳಿ ಅವನಿಗೂ ಅದು ಬಾಯಿಪಾಠವಾಗಿದೆ.

ಫೋರ್ಕು ಕೂತಿತು, ಚಕ್ರವೂ ಸೇರಿತು. ಹೀಗೆ ಕೂಡಿಸಿದ ಗಾಡಿಯನ್ನು ಮೊದಲು ಓಡಿಸುವವನು ನಾಸಿರನೇ, ಇದು ಅವನ ಪದ್ಧತಿ. ಬೀಳುವುದಾದರೆ ತಾನು ಬೀಳಬೇಕು. ಹೊರಡುವ ಮುಂಚೆ ಹಳೆಯ ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಅಂಗಿಯೊಳಗೆ ಸಿಕ್ಕಿಸಿಕೊಳ್ಳುತ್ತಾನೆ. ಪಾನಾ ಇರಬೇಕು ಎಂದೇ ದುರ್ಗಪ್ಪ ತಿಳಿದಿದ್ದಾನೆ. ಇಂದು ಬರೆಯಲು ಬಂದವರನ್ನೂ ಹಿಂದೆ ಕೂರಿಸಿಕೊಂಡು ನಾಸಿರ ಬೇಕೆಂದೇ ಕೆಟ್ಟ ರಸ್ತೆ ಹಿಡಿಯುತ್ತಾನೆ. ಎರಡು ಮೈಲಿಯಾಚೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಗಂಟು ಬಿಚ್ಚುತ್ತಾನೆ.

ಒಳಗಿರುವುದು ಮುರಿದ ದಂಡ, ಎರಡು ತುಂಡು. ಮುರಿದ ಬಾಯಲ್ಲಿ ವೆಲ್ಡಿಂಗಿನ ಗಂಟು ಇರುವೆ ಗೂಡಿನಂತೆ ತೂತು ತೂತಾಗಿ ಕಾಣುತ್ತದೆ.

“ಇದು ಅವನ ಗಾಡೀದ್ರಿ,” ಅನ್ನುತ್ತಾನೆ.

ಆ ಸಲ ದುರ್ಗಪ್ಪ ತಂದಿದ್ದ ಫೋರ್ಕಿನ ದಂಡ ಎರಡು ಬೆರಳು ಗಿಡ್ಡವಿತ್ತು. ರೇಸು ಮರುದಿನ. ಎರಡು ದಿನದಿಂದ ಕರೆಂಟಿಲ್ಲದೆ ಲೇಥು ನಿಂತಿತ್ತು. “ಆಗಲಿಲ್ಲಂದ್ರ ಬ್ಯಾಡ ಬಿಡೋ, ಮುಂದಿನ ರೇಸಿಗೆ ಹೋಗೂಣು ಅಂದಿದ್ದ ಅಂವ. ನಾ ಕೇಳಲಿಲ್ಲ. ನಾಕ ತಾಲೂಕಿನ್ಯಾಗ ನಾಸಿರನ ಫೋರ್ಕ ಅಂತ ಹೆಸರಾಗಿತ್ತಲ್ರಿ! ಗ್ಯಾಸ್ ವೆಲ್ಡಿಂಗಿನಾಂವನ ಹಂತ್ಯಾಕ ಹೋಗಿ ತುಂಡ ಹಚ್ಚಿಸಿದ್ನಿ. ಕಾನಸಿಲೆ ತಿಕ್ಕಿ ನುಣ್ಣಗ ಮಾಡಿ ಬಣ್ಣ ಬಳದ್ನಿ. ‘ನನ್ನ ಹೆಸರ ಮ್ಯಾಲೆ ಓಡಸು’ ಅಂದ್ನಿ.”

ಮೂರನೇ ಸುತ್ತಿನ ಜಿಗಿತದಲ್ಲಿ ದಂಡ ಮುರಿಯಿತು. ಗಾಡಿ ಒಂದು ಕಡೆ, ಸವಾರ ಬಂಡೆಯ ಮೇಲೆ. ಸೇರಿದ ಜನರೆಲ್ಲ ದುರ್ಗಪ್ಪನ ಕಡೆ ಓಡಿದರು. ನಾಸಿರ ಗಾಡಿಯ ಕಡೆ ಓಡಿದ. ತುಂಡುಗಳನ್ನು ಕಿತ್ತು ಅಂಗಿಯೊಳಗೆ ಅಡಗಿಸಿಕೊಂಡ ಮೇಲೆಯೇ ಅವನು ಗೆಳೆಯನ ಹತ್ತಿರ ಹೋದದ್ದು. ಏನಾಯಿತು ಎಂದು ಕೇಳಿದವರಿಗೆ, “ಬ್ರೇಕ ಹಿಡದಾ, ಫೋರ್ಕ ಬಂಡಿಗಲ್ಲಿಗೆ ಬಡದು ಮುರೀತು” ಎಂದ. ಬೆಳಗಾವಿಯ ಆಸ್ಪತ್ರೆಯಲ್ಲಿ ಎಚ್ಚರವಾದ ದುರ್ಗಪ್ಪನಿಗೂ ಅದನ್ನೇ ಹೇಳಿದ. ಬಿದ್ದದ್ದು ನೆನಪಿಲ್ಲದ ಅವನು ಗೆಳೆಯನ ಮಾತನ್ನು ನಂಬಿದ, ಇವತ್ತಿಗೂ ನಂಬಿದ್ದಾನೆ.

ಊರು ದೊಡ್ಡ ಮನಸ್ಸು ಎನ್ನುವುದರ ತಳದಲ್ಲಿ ಇದಿದೆ. ಬಡಿದು ಕೇಳುವುದು, ಮೊದಲ ಓಟ ತಾನೇ ಓಡುವುದು, ಬಾಗಿಲಲ್ಲಿ ಕೊಟ್ಟ ಜಾಗ, ಎಲ್ಲದರ ತಳದಲ್ಲೂ ಇದಿದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಾಸಿರನ ಬಾಯಿಗೆ ಈ ಒಂಬತ್ತು ವರ್ಷ ಸಾವಂತ್ರೆವ್ವನ ರೊಟ್ಟಿಯೂ ಕಹಿ. ಗಂಟಿನ ವಿಷಯ ಬಲ್ಲವಳು ಹೆಂಡತಿ ಜಮೀಲಾಬಿ ಒಬ್ಬಳೇ. “ಬಾವ್ಯಾಗರೆ ಒಗೀರಿ, ಇಲ್ಲಾಂದ್ರ ಅವಗರೆ ತೋರಸ್ರಿ. ಹಿಂಗ ಎದಿಗೆ ಕಟಗೊಂಡ ತಿರಗಬ್ಯಾಡ್ರಿ” ಎಂದು ಆಕೆ ಅತ್ತದ್ದಿದೆ.

ದುರ್ಗಪ್ಪನಿಗೆ ಹೇಳಲು ಹೋಗಲಿಲ್ಲವೇ? “ಎಷ್ಟ ಸಲ ಹೋಗೇನ್ರಿ. ಅಂವ ಮಾರಿ ನೋಡಿ ನಕ್ಕಬಿಡತಾನ. ಅಲ್ಲಿಗೆ ನನ್ನ ಬಾಯಿ ಕಟ್ಟತೈತಿ.”

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ನಾಸಿರ ಮರುಪ್ರಶ್ನೆ ಹಾಕುತ್ತಾನೆ: “ಇದು ಪೇಪರದಾಗ ಯಾವತ್ತ ಬರತೈತ್ರಿ?”

ಬರುವ ರವಿವಾರ.

ಮುರಿದ ದಂಡವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಅವನು ಅಂಗಿಯೊಳಗೆ ಸಿಕ್ಕಿಸಿಕೊಳ್ಳುತ್ತಾನೆ. ದೂರದಲ್ಲಿ ನೇಸರಗಿ ಬಸ್ಸಿನ ಧೂಳು ಏಳುತ್ತಿದೆ.

“ನನಗ ಓದಾಕ ಬರಂಗಿಲ್ರಿ. ರವಿವಾರ ಮುಂಜಾನಿ ನನ್ನ ಮುಂದ ಕುಂತು ಪೇಪರ ಓದಿ ಹೇಳಾಂವ ದುರ್ಗಪ್ಪನೇ. ಒಂದಕ್ಷರ ಬಿಡದ ಓದತಾನ, ಜೋರಾಗಿ. ನೀವು ಎಲ್ಲಾ ಬರೀರಿ. ವೆಲ್ಡಿಂಗ್ ಬರೀರಿ, ನಾ ಗಾಡಿ ಕಡೆ ಓಡಿದ್ದ ಬರೀರಿ, ನನ್ನ ಹೆಸರ ತಗೀಬ್ಯಾಡ್ರಿ.” ಗಾಡಿಗೆ ಕಿಕ್ ಹೊಡೆಯಲು ಎತ್ತಿದ ಕಾಲು ಹಾಗೇ ನಿಲ್ಲುತ್ತದೆ. “ಇವತ್ತ ಬುಧವಾರ ಅಲ್ರಿ? ನಡುವ ಇನ್ನ ಮೂರ ದಿನ ಐತಿ. ಅಂವ ಓದಿ ನಾ ಕೇಳೂದಕಿಂತ, ನಾ ಹೇಳಿ ಅಂವ ಕೇಳಲಿ.”