ನಲವತ್ಮೂರು ದಿನದ ನಡಾವಳಿ

ಸನ್ಮಾನ ಸಭೆಯಲ್ಲಿ ಓದಬೇಕಾದ ಚೀಟಿಯಲ್ಲಿ ಇದ್ದದ್ದು ನಾಲ್ಕೇ ಸಾಲು. ವಾರ್ತಾ ಇಲಾಖೆಯ ವಿಜಯಶ್ರೀ ಅದನ್ನು ಶಿವಗಂಗಮ್ಮನಿಂದ ಮೂರು ಸಲ ಓದಿಸಿದ್ದಳು. ‘ನಲವತ್ಮೂರು ದಿನ ಜೈಲಿನಲ್ಲಿದ್ದ ಮಾನ್ಯ ರಾಷ್ಟ್ರಪತಿಗಳಿಗೆ ನಾನು ತಂಗಿಯಂತೆ ಬುತ್ತಿ ಒಯ್ಯುತ್ತಿದ್ದೆ’ ಎಂಬುದು ಎರಡನೆಯ ಸಾಲು. ಅದರಲ್ಲಿ ಬುತ್ತಿಯೊಂದೇ ನಿಜ.

ಶಿವಗಂಗಮ್ಮನಿಗೆ ಈಗ ಅರವತ್ನಾಲ್ಕು. ರಾಜಾಜಿನಗರದ ಪಂಪ್ ಕಾರ್ಖಾನೆಯೊಂದರಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದಾಗ ಇಪ್ಪತ್ತು. ಎರಡೇ ವರ್ಷಕ್ಕೆ ಯೂನಿಯನ್ ಕಾರ್ಯದರ್ಶಿ. ಅಕ್ಷರ ದುಂಡಗಿತ್ತು, ಗಂಟಲು ಗಟ್ಟಿಯಿತ್ತು, ಅಷ್ಟು ಸಾಕಾಗಿತ್ತು.

ಎಂಬತ್ತನಾಲ್ಕರ ಮುಷ್ಕರದಲ್ಲಿ ಯೂನಿಯನ್ ಅಧ್ಯಕ್ಷ ಚನ್ನಮಲ್ಲಪ್ಪನ ಮೇಲೆ ವಾರಂಟ್ ಬಂತು. ಅವನು ಒಳಗೆ ಹೋದರೆ ಬೇರೆ ಕಾರ್ಖಾನೆಗಳ ಬೆಂಬಲ ಕೂಡಿಸುವವರಿಲ್ಲ. ಏಳು ಜನರ ಸಮಿತಿ ಕೂತು ತೀರ್ಮಾನಿಸಿತು: ಸಮಿತಿಯವನೇ ಆದ ಲೇಥ್ ವಿಭಾಗದ ಅಮೀನಪ್ಪ ಗೇಟಿನಲ್ಲಿ ನಿಂತು ‘ನಾನೇ ಚನ್ನಮಲ್ಲಪ್ಪ’ ಎಂದು ವ್ಯಾನು ಹತ್ತಬೇಕು. ಪೊಲೀಸರು ಮುಖ ಹೋಲಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಅಮೀನಪ್ಪ ನಲವತ್ಮೂರು ದಿನ ಇನ್ನೊಬ್ಬನ ಹೆಸರಿನಲ್ಲಿ ಜೈಲಿನ ಮುದ್ದೆ ತಿಂದ. ಶಿವಗಂಗಮ್ಮ ಪ್ರತಿ ಭಾನುವಾರ ಹೋಗಿ ಜೈಲಿನ ರಿಜಿಸ್ಟರಿನಲ್ಲಿ ‘ಚನ್ನಮಲ್ಲಪ್ಪನ ತಂಗಿ’ ಎಂದು ರುಜು ಹಾಕಿದಳು. ಆ ರುಜು ಹಿಡಿದುಕೊಂಡೇ ಈಗ ಇಲಾಖೆಯವರು ವಿಜಯನಗರದ ಅವಳ ಮನೆ ಬಾಗಿಲಿಗೆ ಬಂದದ್ದು.

ಮುಷ್ಕರ ಗೆದ್ದಿತು. ಜೈಲಿಗೆ ಹೋದವರನ್ನೆಲ್ಲ ಮತ್ತೆ ಸೇರಿಸಿಕೊಳ್ಳಬೇಕೆಂದು ಒಪ್ಪಂದವಾಯಿತು. ಪಟ್ಟಿಯಲ್ಲಿ ಅಮೀನಪ್ಪ ಇರಲಿಲ್ಲ. ರಜೆ ಹೇಳದೆ ನಲವತ್ಮೂರು ದಿನ ಗೈರುಹಾಜರಿ ಎಂದು ಅವನನ್ನು ಕಿತ್ತುಹಾಕಿದರು. ಜೊತೆಯವರು ‘ಲಾಠಿಗೆ ಹೆದರಿ ಬಚ್ಚಿಟ್ಕೊಂಡ’ ಎಂದರು. “ಹೇಳ್ತೀನಿ ಅಮೀನಪ್ಪ, ಸ್ವಲ್ಪ ಸಮಯ ಬರ್ಲಿ” ಎಂದ ಚನ್ನಮಲ್ಲಪ್ಪ. ಕಾರ್ಪೊರೇಷನ್ ಚುನಾವಣೆಗೆ ನಿಂತಾಗ ರಾಜಾಜಿನಗರದ ಗೋಡೆಗೋಡೆಯ ಮೇಲೆ ‘43 ದಿನ ಸೆರೆವಾಸ ಕಂಡ ನಾಯಕ’ ಎಂದು ಬರೆಸಿದ. ಶಾಸಕನಾದ, ಮಂತ್ರಿಯಾದ, ಲೋಕಸಭೆಗೆ ಹೋದ, ಇನ್ನೊಂದು ರಾಜ್ಯಕ್ಕೆ ರಾಜ್ಯಪಾಲನಾದ. ಪ್ರತಿ ಮೆಟ್ಟಿಲಿನಲ್ಲೂ ಆ ನಲವತ್ಮೂರು ದಿನ ಅವನಿಗಿಂತ ಮುಂಚೆ ಹತ್ತಿ ನಿಲ್ಲುತ್ತಿತ್ತು. ಈಗ ರಾಷ್ಟ್ರಪತಿ.

ಆ ಸಮಿತಿಯದು ಒಂದೇ ತಪ್ಪು. ಬರೆಯದ ತೀರ್ಮಾನ ತೀರ್ಮಾನವೇ ಅಲ್ಲ ಎಂದು ನಂಬಿದ ಆ ಏಳು ಜನ, ಗುಟ್ಟನ್ನೂ ನಡಾವಳಿ ಪುಸ್ತಕದಲ್ಲಿ ಬರೆದು ರುಜು ಹಾಕಿದ್ದರು. ಆದರೆ ಮುಂದಿನ ಸಭೆಯಲ್ಲಿ ಓದಿ ದೃಢಪಡಿಸುವತನಕ ಅದು ಬರೀ ಕಾಗದ. ಮುಂದಿನ ಸಭೆಯನ್ನು ಅಧ್ಯಕ್ಷ ಕರೆಯಲೇ ಇಲ್ಲ; ಪುಸ್ತಕ ಕಾರ್ಯದರ್ಶಿ ಶಿವಗಂಗಮ್ಮನ ಮನೆಯಲ್ಲೇ ಉಳಿಯಿತು. ಏಳರಲ್ಲಿ ನಾಲ್ವರು ತೀರಿಕೊಂಡರು. ಸಭೆಯ ಕೋರಂಗೆ ಕನಿಷ್ಠ ಮೂವರು ಬೇಕು. ಉಳಿದದ್ದು ಸರಿಯಾಗಿ ಮೂವರು: ಚನ್ನಮಲ್ಲಪ್ಪ, ಅಮೀನಪ್ಪ, ಅವಳು.

ರಾಷ್ಟ್ರಪತಿಯ ಸನ್ಮಾನದ ದಿನ ಬೆಳಿಗ್ಗೆ ಅವಳು ಅತ್ತಿಗುಪ್ಪೆಗೆ ಹೋಗಿ ಮೋಟಾರ್ ರಿಪೇರಿ ಅಂಗಡಿಯಲ್ಲಿದ್ದ ಅಮೀನಪ್ಪನನ್ನು ಎಬ್ಬಿಸಿದಳು.

“ನಾ ಬರಲ್ಲ ಕಣಮ್ಮ. ನಮ್ ಜೊತೆ ಲೇಥ್‌ನಲ್ಲಿದ್ದ ಆ ಕೊಟ್ರಪ್ಪ ನಿನ್ನೆ ಬೇಕರಿ ಮುಂದೆ ಏನಂದ ಗೊತ್ತಾ? ‘ಬಚ್ಚಿಟ್ಕೊಂಡಿದ್ದೋರ್ಗೂ ಪಾಸ್ ಕೊಟ್ಟವ್ರಾ?’ ಅಂದ.”

“ಅದಕ್ಕೇ ಬನ್ನಿ ಅಂತಿರೋದು, ಅಮೀನಪ್ಪಣ್ಣ.”

“ಚನ್ನಮಲ್ಲಪ್ಪನ ಬಾಯಿಂದ್ಲೇ ಬರ್ಲಿ ಅಂತ ನಲವತ್ತು ವರ್ಷ ಕಾದೆ.”

“ಬಾಯಿ ಬೇಡ, ಕೋರಂ ಬೇಕು. ಶರ್ಟ್ ಹಾಕ್ಕೊಳಿ.”

ಸಭಾಂಗಣದ ಬಾಗಿಲಲ್ಲಿ ಪೊಲೀಸಿನವಳು ಪುಸ್ತಕವನ್ನು ತಲೆಕೆಳಗೆ ಹಿಡಿದು ಕೊಡವಿದಳು. ಹಾಳೆಯ ನಡುವೆ ಬ್ಲೇಡು ಇದೆಯೇ ಎಂದು ನೋಡಿದಳೇ ಹೊರತು ಹಾಳೆಯಲ್ಲಿ ಏನಿದೆ ಎಂದು ನೋಡಲಿಲ್ಲ.

“ಏನಿದು ಆಂಟಿ?”

“ಹಳೇ ಯೂನಿಯನ್ ಪುಸ್ತಕ ಕಣಮ್ಮ. ಪ್ರದರ್ಶನಕ್ಕೆ ಕೇಳವ್ರೆ.”

ವಿಜಯಶ್ರೀ ಹೌದೆಂದು ತಲೆಯಾಡಿಸಿದಳು. ಶಿವಗಂಗಮ್ಮ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ನಡೆದಳು.

ವೇದಿಕೆಯ ಮೇಲೆ ಚನ್ನಮಲ್ಲಪ್ಪ ಬಿಳಿ ಶಾಲು ಹೊದ್ದು ಕೂತಿದ್ದ. ಹಿಂದೆ ಕಪ್ಪು ಕೋಟಿನ ನಾಲ್ವರು. ಅಮೀನಪ್ಪ ಮೂರನೇ ಸಾಲಿನ ತುದಿಯಲ್ಲಿ. ಪಕ್ಕದ ಕುರ್ಚಿ ಖಾಲಿ, ಅದರಾಚೆ ಕೊಟ್ರಪ್ಪ. ಅವಳ ಹೆಸರು ಕರೆದರು. ಮೈಕಿನ ಮುಂದೆ ಚೀಟಿ ಇಟ್ಟು, ಅದರ ಮೇಲೆ ಪುಸ್ತಕ ತೆರೆದಳು.

“ಅಧ್ಯಕ್ಷರೇ, ಯೂನಿಯನ್ ಸಮಿತಿಯ ಮೂರು ಜನ ಹಾಜರಿದ್ದಾರೆ, ಕೋರಂ ಆಗಿದೆ. ಕಳೆದ ಸಭೆಯ ನಡಾವಳಿ ಓದ್ತೀನಿ.”

ಸಭಿಕರಲ್ಲಿ ಕೆಲವರು ತಮಾಷೆ ಎಂದುಕೊಂಡು ನಕ್ಕರು. ಚನ್ನಮಲ್ಲಪ್ಪ ನಗಲಿಲ್ಲ. ಪುಸ್ತಕದ ಕೆಂಪು ರಟ್ಟು ಅವನಿಗೆ ಗುರುತು ಸಿಕ್ಕಿತ್ತು.

“‘ಸಮಿತಿಯ ತೀರ್ಮಾನದಂತೆ ಶ್ರೀ ಅಮೀನಪ್ಪನವರು ಅಧ್ಯಕ್ಷರಾದ ಚನ್ನಮಲ್ಲಪ್ಪನವರ ಹೆಸರಿನಲ್ಲಿ ಬಂಧನಕ್ಕೆ...’”

ಮೈಕು ಸತ್ತಿತು. ಇಪ್ಪತ್ತು ಯಂತ್ರಗಳ ಸದ್ದಿನ ಮೇಲೆ ಘೋಷಣೆ ಕೂಗಿದ ಗಂಟಲಿಗೆ ಮೈಕು ಯಾಕೆ?

“‘...ಬಂಧನಕ್ಕೆ ಒಳಗಾಗತಕ್ಕದ್ದು. ಬಿಡುಗಡೆಯಾದ ದಿನವೇ ಅಧ್ಯಕ್ಷರು ಗೇಟಿನಲ್ಲಿ ಇದನ್ನು ಎಲ್ಲರಿಗೂ ತಿಳಿಸತಕ್ಕದ್ದು.’ ಕೆಳಗೆ ಏಳು ರುಜು. ಮೊದಲನೇದು ನಿಮ್ಮದು.”

ಕಪ್ಪು ಕೋಟಿನವನೊಬ್ಬ ಬಂದು ಅವಳ ಮೊಣಕೈ ಹಿಡಿದ. ಚನ್ನಮಲ್ಲಪ್ಪ ಎರಡು ಬೆರಳು ಎತ್ತಿದ. ಕೋಟಿನವನು ಕೈ ಬಿಟ್ಟ.

“ದೃಢಪಡಿಸೋಕೆ ಒಪ್ಪಿಗೆ ಇರೋರು ಕೈ ಎತ್ತಿ” ಎಂದು ತನ್ನ ಕೈ ತಾನೇ ಎತ್ತಿದಳು. ಅಮೀನಪ್ಪ ಎತ್ತಲಿಲ್ಲ, ತನ್ನದೇ ವಿಷಯಕ್ಕೆ ತಾನು ಮತ ಹಾಕುವ ಪದ್ಧತಿ ಆ ಸಮಿತಿಯಲ್ಲಿ ಇರಲಿಲ್ಲ. ಅವಳು ವೇದಿಕೆಯ ಕಡೆ ತಿರುಗಿದಳು.

“ವಿರೋಧ ಇರೋರು?”

ಚನ್ನಮಲ್ಲಪ್ಪ ಕೈ ಎತ್ತಿದರೆ ಒಂದಕ್ಕೊಂದು ಸಮ. ಆಮೇಲೆ ಅಧ್ಯಕ್ಷರದೇ ನಿರ್ಣಾಯಕ ಮತ. ಅಮೀನಪ್ಪ ಸಾಯುವತನಕ ಹೇಡಿಯೇ. ರಾಷ್ಟ್ರಪತಿಯ ಬಲಗೈ ಕುರ್ಚಿಯಿಂದ ಮೇಲೆದ್ದಿತು. ಆ ಕೈ ಕನ್ನಡಕದವರೆಗೆ ಹೋಗಿ, ಕನ್ನಡಕ ಸರಿ ಮಾಡಿ, ತೊಡೆಯ ಮೇಲೆ ಬಂದು ಬಿತ್ತು.

ಅವಳನ್ನು ಹೊರಗೆ ಕರೆದೊಯ್ದು, ಒಂದು ಗಂಟೆ ಕೂರಿಸಿ, ವಿಳಾಸ ಬರೆದುಕೊಂಡು ಬಿಟ್ಟರು.

“ನನ್ ಕೆಲಸ ಹೋಯ್ತು ಆಂಟಿ” ಎಂದಳು ವಿಜಯಶ್ರೀ.

“ನೀನು ಕೊಟ್ಟ ಚೀಟಿ ಅಲ್ಲೇ ಇದೆ ಕಣಮ್ಮ. ನಾನು ಓದಿಲ್ಲ ಅಂತ ಹೇಳು, ತಪ್ಪು ನಂದು.” ಅದಕ್ಕಿಂತ ಹೆಚ್ಚಿನ ಸಮಾಧಾನ ಶಿವಗಂಗಮ್ಮನ ಬಳಿ ಇರಲಿಲ್ಲ.

ಗೇಟಿನಾಚೆ ಟೀ ಅಂಗಡಿಯಲ್ಲಿ ಅಮೀನಪ್ಪ ಕೂತಿದ್ದ. ಪಕ್ಕದಲ್ಲಿ ಕೊಟ್ರಪ್ಪ, ತಲೆ ತಗ್ಗಿಸಿ, ಎರಡು ಕೈಯಲ್ಲೂ ಒಂದೊಂದು ಲೋಟ. “ತಗೊಳ್ಳೋ, ಆರೋಗ್ತದೆ” ಎನ್ನುತ್ತಿದ್ದ. ಅಮೀನಪ್ಪ ತಕ್ಷಣ ತಗೊಳ್ಳಲಿಲ್ಲ. ಕೊಟ್ರಪ್ಪನ ಕೈ ಸುಡುವಷ್ಟು ಹೊತ್ತು ಬಿಟ್ಟು ತಗೊಂಡ.

ಶಿವಗಂಗಮ್ಮ ಬೆಂಚಿನ ಮೇಲೆ ಪುಸ್ತಕ ಬಿಚ್ಚಿ ಬರೆದಳು: ‘ಪರ ಒಂದು. ವಿರೋಧ ಇಲ್ಲ. ತಟಸ್ಥ ಒಂದು. ನಡಾವಳಿ ದೃಢಪಟ್ಟಿದೆ.’

ಅಮೀನಪ್ಪ ಬಗ್ಗಿ ಓದಿದ. “ತಟಸ್ಥ ಅಂತ ಬರೀಲೇಬೇಕಾ? ಕಳ್ಳ ಅಂತ ಬರಿ.”

“ಅದಕ್ಕೆ ಕಾಲಂ ಇಲ್ಲ” ಎಂದು ಅವಳು ರುಜು ಹಾಕಿದಳು.