ಸಾಕ್ಷಿ ಅಷ್ಟೇ

ಅಮೆರಿಕದ ಪ್ಲೆಸೆಂಟನ್ನಿನ ಬಾಡಿಗೆ ಹಾಲ್‌ನಲ್ಲಿ ನಡೆಯುತ್ತಿದ್ದ ನಮ್ಮ ಕನ್ನಡ ಕ್ರೈಸ್ತ ಆರಾಧನೆಯಲ್ಲಿ ಹೆಂಗಸರು ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿ ಹೇಳಬಹುದಿತ್ತು, ವೇದಿಕೆ ಹತ್ತಿ ಬೈಬಲ್ ಬೋಧಿಸುವ ಪ್ರಸಂಗ ಮಾಡುವಂತಿರಲಿಲ್ಲ. ಸಂಡೇ ಸ್ಕೂಲ್ ಟೀಚರು ವೇದಿಕೆ ಹತ್ತದೆ ಕೆಳಗೇ ನಿಂತು, ಸೆರಗು ಸರಿಮಾಡಿಕೊಂಡು, "ಪ್ರಸಂಗ ಅಲ್ಲ, ಸಾಕ್ಷಿ ಅಷ್ಟೇ" ಎಂದು ಶುರುಮಾಡುತ್ತಿದ್ದರು. ಆಮೇಲೆ, ಗಂಡಸು ಶಿಷ್ಯರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ಮಗ್ದಲದ ಮರಿಯಳು ಯೇಸುವಿನ ಸಮಾಧಿಗೆ ಹೋದದ್ದನ್ನು ಬಿಡಿಸಿ ಹೇಳುವರು. ಸಭೆ ನಡೆಸುವ ಹಿರಿಯರು ಗಡಿಯಾರ ನೋಡುವರು.

ಡಾಟ್‌ಕಾಂ ಕಂಪನಿಗಳು ಮುಚ್ಚಿದ ವರ್ಷ, ಪ್ರಸಂಗ ಮಾಡುತ್ತಿದ್ದ ಗಂಡಸರು ಕೆಲಸ ಹುಡುಕಿಕೊಂಡು ಒಬ್ಬೊಬ್ಬರಾಗಿ ಊರು ಬಿಟ್ಟರು. ಉಳಿದಿದ್ದ ಹಿರಿಯರೊಬ್ಬರು ಒಂದು ದಿನ ಆರಾಧನೆ ಮುಗಿದ ಮೇಲೆ, "ಸಿಸ್ಟರ್, ಮುಂದಿನ ಸಂಡೇಯಿಂದ ಪ್ರಸಂಗ ನೀವೇ ಮಾಡ್ಬೇಕು" ಎಂದರು.

ಟೀಚರು ಮಡಚಲು ಹೋದ ಕುರ್ಚಿಯಲ್ಲೇ ಕೂತುಬಿಟ್ಟರು.

"ಇಷ್ಟು ವರ್ಷ ನಾನು ಮಾಡಿದ್ದು ಏನು ಅನ್ಕೊಂಡಿದ್ರಿ, ಬ್ರದರ್?"